ಸಿಮೆಂಟ್ ತುಂಬಿರೋ ಕಾಲಿಗೆ ಪ್ರಿಂಟ್ ಮಾಡಿದ ಮೂಳೆ ಹಾಕ್ಸಬಹುದಾ?

ಪ್ರಶ್ನೆ: ಮೇಡಂ ನಮಸ್ತೆ. ನನ್ನ ತಮ್ಮನಿಗೆ 26 ವರ್ಷ. ನಾಲ್ಕು ತಿಂಗಳ ಹಿಂದೆ ಬೈಕ್ ಆಕ್ಸಿಡೆಂಟ್ ಆಗಿ ಮೊಣಕಾಲ ಕೆಳಗಿನ ಮೂಳೆ ಚರ್ಮ ಹರ್ಕೊಂಡು ಆಚೆ ಬಂದಿತ್ತು. ಆಮೇಲೆ ಕೀವಾಗಿ, ಡಾಕ್ಟ್ರು ಕೆಟ್ಟಿದ್ದ 6 ಸೆಂಟಿಮೀಟರ್ ಮೂಳೆ ಕತ್ತರಿಸಿ ತೆಗೆದು ಆ ಜಾಗಕ್ಕೆ ಸಿಮೆಂಟ್ ತುಂಬಿ, ಹೊರಗಿಂದ ರಾಡ್ ಹಾಕಿ ನಿಲ್ಸಿದ್ದಾರೆ. ಇನ್ನು ಒಂದೂವರೆ ತಿಂಗಳಾದ್ಮೇಲೆ ಸಿಮೆಂಟ್ ತೆಗೆದು ಸೊಂಟದ ಮೂಳೆ ತಗೊಂಡು ಹಾಕ್ತೀವಿ ಅಂತಿದ್ದಾರೆ. ತೆಗೆಯೋದೇ ಆದ್ರೆ ಹಾಕಿದ್ದಾದ್ರೂ ಯಾಕೆ? ಯೂಟ್ಯೂಬಲ್ಲಿ 3ಡಿ ಪ್ರಿಂಟ್ ಮಾಡಿದ ಮೂಳೆ ಸ್ಕ್ಯಾಫೋಲ್ಡ್ ಅಂತ ತೋರ್ಸ್ತಾರೆ, ಅದನ್ನೇ ಹಾಕ್ಸಿದ್ರೆ ಸೊಂಟ ಕೊಯ್ಯೋದು ತಪ್ಪಲ್ವಾ? ಖರ್ಚಿಗೆ ಅರ್ಧ ಎಕರೆ ಮಾರಕ್ಕೂ ರೆಡಿ ಇದೀವಿ. ಅಮ್ಮ ಬೇರೆ ಪುತ್ತೂರಿಗೆ ಹೋಗಿ ಕಟ್ಟು ಕಟ್ಸೋಣ, ಕಾಲ್ ಸೂಪ್ ಕುಡಿಸೋಣ ಅಂತಿದ್ದಾರೆ. ಏನ್ ಮಾಡ್ಬೇಕು ತಿಳಿಸಿ.

ಉತ್ತರ:

ಮೊದ್ಲು ಜಮೀನಿನ ವಿಷ್ಯ ಮುಗಿಸ್ಬಿಡ್ತೀನಿ. ಮಾರ್ಬೇಡಿ.

ನಾನು ಡಾಕ್ಟರ್ ಅಲ್ಲಮ್ಮ, ಮೂಳೆಗೆ ಹಾಕೋ ಮೆಟೀರಿಯಲ್ ಮಾಡೋ ಲ್ಯಾಬಲ್ಲಿ ಹದಿನೈದು ವರ್ಷದಿಂದ ಒದ್ದಾಡ್ತಿರೋಳು. ಹಾಗಾಗಿ ತಮ್ಮನ ಎಕ್ಸ್‌ರೇ ನೋಡಿ ಹೀಗೇ ಮಾಡ್ಸಿ ಅನ್ನೋ ಹಕ್ಕು ನಂಗಿಲ್ಲ. ಆದ್ರೆ ಆ ವಿಡಿಯೋದಲ್ಲಿ ಬೆಳ್ಳಗೆ ಜೇನುಗೂಡಿನ ಥರ ತಿರುಗಿಸಿ ತಿರುಗಿಸಿ ತೋರ್ಸ್ತಾರಲ್ಲ, ಆ ಸಾಮಾನು ತಯಾರಾಗೋದು ನಮ್ಮಂಥವರ ಕೈಯಲ್ಲೇ, ಅದರ ಹಣೆಬರಹ ಗೊತ್ತು. ಮತ್ತೆ ನಿಮ್ಮ ಪ್ರಶ್ನೆ ಓದಿದಾಗ ನಂಗೆ ಮೊದ್ಲು ಅನ್ಸಿದ್ದೇನು ಗೊತ್ತಾ, ನಿಮ್ಮ ಡಾಕ್ಟ್ರು ಮಾಡ್ತಿರೋದೇ ಟಿಶ್ಯೂ ಇಂಜಿನಿಯರಿಂಗ್, ಅಂದ್ರೆ ಕಳ್ಕೊಂಡ ಅಂಗಾಂಶವನ್ನ ಮತ್ತೆ ಬೆಳೆಸೋ ವಿದ್ಯೆ, ಲ್ಯಾಬ್ ಬದ್ಲು ತಮ್ಮನ ಕಾಲಲ್ಲೇ ಮಾಡ್ತಿದ್ದಾರೆ ಅಷ್ಟೇ, ಮತ್ತೆ ನಮಗಿಂತ ಚೆನ್ನಾಗಿ ಮಾಡ್ತಿದ್ದಾರೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಕಾಫಿ ಇಟ್ಕೊಂಡು ಓದಿ.

ಮೂಳೆ ಅಂದ್ರೆ ಏನು ಅಂತ ತಿಳಿಯಕ್ಕೆ ಒಂದು ಸುಲಭದ ಪ್ರಯೋಗ ಇದೆ, ಮನೇಲೇ ಮಾಡಿ ನೋಡ್ಬಹುದು. ಕೋಳಿ ತೊಡೆ ಮೂಳೆ ಎರಡು ತೊಳೆದು ಒಣಗಿಸ್ಕೊಳ್ಳಿ. ಒಂದನ್ನ ವಿನೆಗರಲ್ಲಿ ಹಾಕಿ, ಎರಡು ದಿನಕ್ಕೊಂದ್ಸಲ ವಿನೆಗರ್ ಬದಲಾಯಿಸ್ತಾ ಒಂದು ವಾರ ಬಿಡಿ. ತೆಗೆದ್ರೆ ಅದು ರಬ್ಬರ್ ಥರ ಬಗ್ಗತ್ತೆ, ಮುರಿಯಲ್ಲ. ಇನ್ನೊಂದನ್ನ ಕೆಂಡದಲ್ಲಿ ಹಾಕಿ ಬೆಳ್ಳಗಾಗೋ ತನಕ ಸುಡಿ. ಆಕಾರ ಹಾಗೇ ಇರತ್ತೆ, ಬೆರಳಲ್ಲಿ ಒತ್ತಿದ್ರೆ ಸೀಮೆಸುಣ್ಣದ ಥರ ಪುಡಿಯಾಗತ್ತೆ. ಮೊದಲನೇದ್ರಲ್ಲಿ ಉಳಿದಿದ್ದು ಕೊಲಾಜೆನ್ ಅನ್ನೋ ಪ್ರೋಟೀನ್ ದಾರ, ಎರಡನೇದ್ರಲ್ಲಿ ಉಳಿದಿದ್ದು ಖನಿಜ, ಅಂದ್ರೆ ಕ್ಯಾಲ್ಸಿಯಂ ಫಾಸ್ಫೇಟ್, ಹೈಡ್ರಾಕ್ಸಿಅಪಟೈಟ್ ಜಾತಿಗೆ ಸೇರಿದ್ದು. ಮೂಳೆಯ ತೂಕದಲ್ಲಿ ಹೆಚ್ಚುಕಮ್ಮಿ ಮೂರನೇ ಎರಡು ಪಾಲು ಈ ಖನಿಜ, ಮಿಕ್ಕಿದ್ದು ಬಹುಪಾಲು ಕೊಲಾಜೆನ್ ಮತ್ತೆ ನೀರು. ಒಂದು ಬಗ್ಗತ್ತೆ, ಇನ್ನೊಂದು ಗಟ್ಟಿ ಆದ್ರೆ ಸಿಡಿಯತ್ತೆ, ಎರಡೂ ನ್ಯಾನೋಮೀಟರ್ ಲೆಕ್ಕದಲ್ಲಿ ಒಂದರೊಳಗೊಂದು ಹೆಣ್ಕೊಂಡಿರೋದ್ರಿಂದ ನಾವು ಓಡಾಡ್ತಿದೀವಿ. ಈ ಹೆಣಿಗೆಯನ್ನ ಯಾವ ಲ್ಯಾಬೂ ಇನ್ನೂ ಪೂರ್ತಿ ನಕಲು ಮಾಡಿಲ್ಲ.

ಇಷ್ಟೇ ಆಗಿದ್ರೆ ಮೂಳೆ ಒಂದು ಒಳ್ಳೆ ಕಲ್ಲು ಅನ್ಬಹುದಿತ್ತು. ಆದ್ರೆ ಅದು ಜೀವ ಇರೋ ಕಲ್ಲು. ಒಂದು ಜಾತಿ ಕೋಶ ಹಳೇ ಮೂಳೆಯನ್ನ ತಿಂತಾ ಹೋಗತ್ತೆ, ಇನ್ನೊಂದು ಜಾತಿ ಹಿಂದಿಂದ ಹೊಸದು ಕಟ್ತಾ ಬರತ್ತೆ, ವರ್ಷಕ್ಕೆ ಸುಮಾರು 10% ಮೂಳೆ ಹೀಗೆ ಹೊಸದಾಗತ್ತೆ. ಅದಕ್ಕೇ ಮುರಿದ ಮೂಳೆ ಗಾಯದ ಕಲೆ ಇಲ್ದೆ ಮೂಳೆಯಾಗೇ ಕೂಡ್ಕೊಳ್ಳೋದು. ಆದ್ರೆ ಎರಡು ತುದಿ ನಡುವೆ ಅಂತರ ಜಾಸ್ತಿ ಆದ್ರೆ, ಟಿಬಿಯಾದಲ್ಲಿ, ಅಂದ್ರೆ ಮೊಣಕಾಲ ಕೆಳಗಿನ ದಪ್ಪ ಮೂಳೆಯಲ್ಲಿ, ಎರಡು ಸೆಂಟಿಮೀಟರ್ ದಾಟಿತು ಅಂದ್ರೆ ಸಾಮಾನ್ಯವಾಗಿ ತಾನಾಗೇ ಕೂಡಲ್ಲ, ಮಧ್ಯೆ ನಾರಿನಂಥ ಮಾಂಸ ತುಂಬ್ಕೊಂಡ್ಬಿಡತ್ತೆ. ನಿಮ್ಮ ತಮ್ಮಂದು ಆರು. ಅದು ದಾಟಬೇಕಾದ್ರೆ ಒಂದು ಸೇತುವೆ ಬೇಕು, ಸ್ಕ್ಯಾಫೋಲ್ಡ್ ಅನ್ನೋದು ಹುಟ್ಟಿದ್ದು ಅಲ್ಲಿಂದ.

ಸ್ಕ್ಯಾಫೋಲ್ಡ್ ಅಂದ್ರೆ ಸಾರವೆ, ಮನೆ ಕಟ್ಟೋವಾಗ ಗಳ ಕಟ್ಟಿ ನಿಲ್ಸ್ತಾರಲ್ಲ ಅದು. ಆದ್ರೆ ನಂಗೆ ಅದಕ್ಕಿಂತ ಮೋಲ್ಡ್ ಹಾಕೋವಾಗಿನ ಸೆಂಟ್ರಿಂಗೇ ಸರಿಯಾದ ಹೋಲಿಕೆ ಅನ್ಸತ್ತೆ. ಸೆಂಟ್ರಿಂಗ್ ಬೇಗ ಬಿಚ್ಚಿದ್ರೆ ಮೋಲ್ಡ್ ಕುಸಿಯತ್ತೆ, ಬಿಚ್ಚದೇ ಬಿಟ್ರೆ ಆ ರೂಮಲ್ಲಿ ಸಂಸಾರ ಮಾಡಕ್ಕಾಗಲ್ಲ. ಮೂಳೆ ಒಳಗಿನ ಸೆಂಟ್ರಿಂಗನ್ನ ಯಾರೂ ಹೋಗಿ ಬಿಚ್ಚಕ್ಕಾಗಲ್ಲ, ಅದೇ ತಾನಾಗಿ ಕರಗಬೇಕು, ಅದೂ ಹೊಸ ಮೂಳೆ ಎಷ್ಟು ವೇಗದಲ್ಲಿ ಬೆಳೀತಿದೆಯೋ ಅಷ್ಟೇ ವೇಗದಲ್ಲಿ. ಈ ವೇಗ ಕೂಡ್ಸೋದೇ ನಮ್ಮ ಅರ್ಧ ಕೆಲ್ಸ. ಇನ್ನರ್ಧ ಏನು ಅಂತ ಆಮೇಲೆ ಬರ್ತೀನಿ.

ಸಾಮಾನುಗಳನ್ನ ನೋಡೋಣ. ಹೈಡ್ರಾಕ್ಸಿಅಪಟೈಟ್ ಎಲ್ಲರಿಗೂ ಮೊದ್ಲು ಹೊಳೆಯೋದು, ಮೂಳೆಯಲ್ಲಿ ಇರೋದೇ ಅದು ತಾನೆ ಅಂತ. ಮೊಟ್ಟೆ ಚಿಪ್ಪಿಂದ ಮಾಡ್ತಾರೆ, ಮೀನಿನ ಮೂಳೆಯಿಂದ ಮಾಡ್ತಾರೆ, ಸಮುದ್ರದ ಹವಳದಿಂದ ಕೂಡ ಮಾಡಿದ್ದಾರೆ, ಯಾಕಂದ್ರೆ ಹವಳದಲ್ಲಿ ಒಂದಕ್ಕೊಂದು ಸೇರಿರೋ ತೂತುಗಳು ತಾವಾಗೇ ಇರತ್ತೆ, ಬಿಸಿನೀರಿನ ಒತ್ತಡದಲ್ಲಿ ಅದರ ಕಾರ್ಬೊನೇಟನ್ನ ಫಾಸ್ಫೇಟ್ ಮಾಡ್ಬಿಟ್ರೆ ರೆಡಿಮೇಡ್ ಸ್ಕ್ಯಾಫೋಲ್ಡ್, 1974ರಲ್ಲೇ ಇದನ್ನ ಮಾಡಿ ತೋರ್ಸಿದ್ರು. ಹೈಡ್ರಾಕ್ಸಿಅಪಟೈಟಿನ ತೊಂದ್ರೆ ಅಂದ್ರೆ ಒಲೆಯಲ್ಲಿ ಸುಟ್ಟು ಗಟ್ಟಿ ಮಾಡಿದ್ಮೇಲೆ ಅದು ಕರಗೋದೇ ಇಲ್ಲ ಅನ್ನೋಷ್ಟು ನಿಧಾನ, ವರ್ಷಗಟ್ಲೆ ಕೂತಿರತ್ತೆ. ಅದರ ತಮ್ಮ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಟಿಸಿಪಿ ಅಂತೀವಿ, ಕ್ಯಾಲ್ಸಿಯಂ ಸ್ವಲ್ಪ ಕಮ್ಮಿ, ಹೈಡ್ರಾಕ್ಸಿಅಪಟೈಟಲ್ಲಿ ಕ್ಯಾಲ್ಸಿಯಂ-ಫಾಸ್ಫರಸ್ ಅನುಪಾತ 1.67 ಇದ್ರೆ ಇದ್ರಲ್ಲಿ 1.5, ಅಷ್ಟೇ ವ್ಯತ್ಯಾಸಕ್ಕೆ ಇದು ಎಷ್ಟೋ ಬೇಗ ಕರಗತ್ತೆ. ಅದಕ್ಕೇ ಎರಡನ್ನೂ ಬೆರೆಸ್ತಾರೆ, ಇಡ್ಲಿಗೆ ಅಕ್ಕಿ ಉದ್ದು ಹದ ನೋಡಿದ ಹಾಗೆ.

ಬಯೋಗ್ಲಾಸ್ ಕಥೆ ಹೇಳದೇ ಮುಂದೆ ಹೋಗಕ್ಕೆ ಮನಸ್ಸಿಲ್ಲ. 1967ರಲ್ಲಿ ಅಮೆರಿಕದ ಫ್ಲೋರಿಡಾ ಯೂನಿವರ್ಸಿಟಿಯ ಲ್ಯಾರಿ ಹೆಂಚ್ ಅನ್ನೋ ಗಾಜಿನ ವಿಜ್ಞಾನಿ ನ್ಯೂಯಾರ್ಕ್ ಕಡೆ ಒಂದು ಕಾನ್ಫರೆನ್ಸಿಗೆ ಬಸ್ಸಲ್ಲಿ ಹೋಗ್ತಿದ್ರು. ಪಕ್ಕದ ಸೀಟಲ್ಲಿ ವಿಯೆಟ್ನಾಂ ಯುದ್ಧದಿಂದ ಬಂದಿದ್ದ ಒಬ್ಬ ಕರ್ನಲ್. ಹೆಂಚ್ ತಮ್ಮ ಗಾಜು ರೇಡಿಯೇಷನ್ ತಡ್ಕೊಳ್ಳತ್ತೆ ಅಂತೆಲ್ಲ ಹೇಳ್ತಿದ್ರೆ, ಅವನು ಕೇಳಿದ್ದು ಒಂದೇ, ಮನುಷ್ಯನ ದೇಹ ತಡ್ಕೊಂಡು ಬಾಳೋ ಸಾಮಾನು ನಿನ್ನ ಕೈಲಿ ಮಾಡಕ್ಕಾಗತ್ತಾ ಅಂತ. ಆಗೆಲ್ಲ ಲೋಹ, ಪ್ಲಾಸ್ಟಿಕ್ ಏನು ಒಳಗಿಟ್ರೂ ದೇಹ ಅದರ ಸುತ್ತ ನಾರಿನ ಪೊರೆ ಕಟ್ಟಿ ಬೇರೆ ಮಾಡ್ಬಿಡ್ತಿತ್ತು, ಸೈನಿಕರ ಕೈಕಾಲು ಕತ್ತರಿಸೋದು ತಪ್ತಿರ್ಲಿಲ್ಲ. ಹೆಂಚ್ ಯೋಚ್ನೆ ಮಾಡಿದ್ದು ಹೀಗೆ, ಮೂಳೆಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಇದೆ, ಅದನ್ನ ಮೈಮೇಲೆ ತಾನಾಗೇ ಬೆಳೆಸ್ಕೊಳ್ಳೋ ಗಾಜು ಮಾಡಿದ್ರೆ ದೇಹ ಇದು ನಮ್ಮೋನೇ ಅಂತ ಒಪ್ಕೊಳ್ಳಬಹುದು. ತೂಕದಲ್ಲಿ 45% ಸಿಲಿಕಾ, 24.5% ಸೋಡಿಯಂ ಆಕ್ಸೈಡ್, 24.5% ಸುಣ್ಣದಂಶ, 6% ಫಾಸ್ಫರಸ್ ಆಕ್ಸೈಡ್. ಇದಕ್ಕೆ 45ಎಸ್5 ಅಂತ ಹೆಸರು. 1969ರಲ್ಲಿ ಇಲಿ ತೊಡೆಮೂಳೆಗೆ ಹಾಕಿ ಆರು ವಾರ ಬಿಟ್ಟು ನೋಡಿದ್ರೆ, ಸರ್ಜನ್ ಟೆಡ್ ಗ್ರೀನ್‌ಲೀ ಎಳೆದ್ರು, ತಳ್ಳಿದ್ರು, ಗಾಜು ಮೂಳೆ ಬಿಟ್ಟು ಬರ್ಲೇ ಇಲ್ಲ. ಮೂಳೆಗೆ ಅಂಟ್ಕೊಳ್ಳೋ ಮೊದಲ ಕೃತಕ ವಸ್ತು ಅದು. ಇವತ್ತು ಹಲ್ಲು ಜುಂ ಅನ್ನೋರಿಗೆ ಕೊಡೋ ಕೆಲವು ಪೇಸ್ಟಲ್ಲೂ ಇದರ ಪುಡಿ ಇದೆ. ಆದ್ರೆ ಸ್ಕ್ಯಾಫೋಲ್ಡ್ ಮಾಡಕ್ಕೆ ಹೋದ್ರೆ ಕಿರಿಕಿರಿ, ಪುಡಿ ಪುಡಿಗೆ ಅಂಟಲಿ ಅಂತ ಕಾಯಿಸಿದ್ರೆ ಗಾಜು ಹರಳಾಗ್ಬಿಡತ್ತೆ, ಹರಳಾದ್ರೆ ಅದರ ಚುರುಕು ಕಮ್ಮಿ.

ಆ ನಾರಿನ ಪೊರೆ ವಿಷ್ಯ ಮರೀಬೇಡಿ, ವಾಪಸ್ ಬರ್ತೀವಿ.

ಇನ್ನು ಪ್ಲಾಸ್ಟಿಕ್ ಜಾತಿ. ಹೆರಿಗೆ ಆಪರೇಷನ್ನಲ್ಲಿ ಒಳಗೆ ಕರಗೋ ದಾರ ಹಾಕ್ತಾರಲ್ಲ, ಅದೇ ಕುಟುಂಬ, ಪಿಜಿಎ ಪಿಎಲ್‌ಎ ಅಂತ. ಕರಗ್ತಾ ಆಸಿಡ್ ಬಿಡತ್ತೆ, ದಾರದಷ್ಟಾದ್ರೆ ದೇಹ ತೊಳ್ಕೊಂಡು ಹೋಗತ್ತೆ, ದಪ್ಪ ಮುದ್ದೆ ಇಟ್ರೆ ಒಳಗೇ ಹುಳಿ ತುಂಬಿ ಸುತ್ತ ಕೆರಳತ್ತೆ. ನೀವು ವಿಡಿಯೋದಲ್ಲಿ ನೋಡಿದ್ದು ಬಹುಶಃ ಪಿಸಿಎಲ್. ಅದು 60 ಡಿಗ್ರಿಗೇ ಕರಗತ್ತೆ, ಬಿಸಿ ಬಿಸಿ ಕಾಫಿ ಲೋಟಕ್ಕೆ ಬಿದ್ರೆ ಮೆತ್ತಗಾಗತ್ತೆ, ಅದಕ್ಕೇ ಪ್ರಿಂಟರಿಗೆ ಅದು ಅಂದ್ರೆ ಪ್ರೀತಿ. ದೇಹದಲ್ಲಿ ಪೂರ್ತಿ ಹೋಗಕ್ಕೆ ಎರಡು ಮೂರು ವರ್ಷ ತಗೊಳ್ಳತ್ತೆ. ಮೂಳೆಯ ಗಟ್ಟಿತನಕ್ಕೆ ಹೋಲಿಸಿದ್ರೆ ಮೇಣ ಅಂತಾನೇ ಅನ್ಬೇಕು, ಹಾಗಾಗಿ ಟಿಸಿಪಿ ಪುಡಿ ಕಲಸ್ತೀವಿ.

ಗಟ್ಟಿತನ ಅಂದ್ರೆ ಲೆಕ್ಕ ಹೀಗಿದೆ. ಟಿಬಿಯಾದ ಹೊರಗೋಡೆ ಮೂಳೆ ಒತ್ತಿದ್ರೆ 100ರಿಂದ 200 ಮೆಗಾಪಾಸ್ಕಲ್ (ಒತ್ತಡ ಅಳೆಯೋ ಲೆಕ್ಕ) ತನಕ ತಡ್ಕೊಳ್ಳತ್ತೆ, ಒಳಗಿನ ಸ್ಪಂಜು ಮೂಳೆ 2ರಿಂದ 12. ನಾವು ಸ್ಪಂಜ್ ವಿಧಾನದಲ್ಲಿ ಮಾಡೋ ಸೆರಾಮಿಕ್ ಸ್ಕ್ಯಾಫೋಲ್ಡ್ ಬಹಳ ಸಲ 1 ಕೂಡ ದಾಟಲ್ಲ. ಆ ವಿಧಾನ ಕೇಳಿದ್ರೆ ನಗ್ತೀರ, ಹಾಸಿಗೆ ಫೋಮ್ ತುಂಡು ತಗೊಂಡು ಹೈಡ್ರಾಕ್ಸಿಅಪಟೈಟ್ ಹಿಟ್ಟಲ್ಲಿ ಬಜ್ಜಿ ಥರ ಅದ್ದಿ, ಹಿಂಡಿ, ಒಣಗಿಸಿ, 1200 ಡಿಗ್ರಿ ಮೇಲೆ ಫರ್ನೇಸಲ್ಲಿ ಸುಡೋದು. ಫೋಮ್ ಸುಟ್ಟು ಹೋಗಿ ಅದರ ಆಕಾರದಲ್ಲಿ ಸೆರಾಮಿಕ್ ಉಳಿಯತ್ತೆ. ನೋಡಕ್ಕೆ ಥೇಟ್ ಮೂಳೆ. ಎರಡು ಬೆರಳಲ್ಲಿ ಅದುಮಿದ್ರೆ ಹಪ್ಪಳ ಮುರಿದ ಶಬ್ದ ಬರತ್ತೆ, ಕಥೆ ಮುಗೀತು. ಮನುಷ್ಯ ಸುಮ್ನೆ ನಡೆದ್ರೂ ಮೊಣಕಾಲ ಮೇಲೆ ಮೈ ತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳತ್ತೆ.

ಹಾಗಾದ್ರೆ ಲೋಹದ್ದೇ ಹಾಕಿ ಅಂತೀರ. ಟೈಟಾನಿಯಂ ಪ್ರಿಂಟ್ ಮಾಡಿ ಹಾಕ್ತಾರೆ, ಕ್ಯಾನ್ಸರ್ ಗಡ್ಡೆ ತೆಗೆದ ಕಡೆ ಹಾಕ್ತಾರೆ. ಆದ್ರೆ ಅದು ಕರಗಲ್ಲ, ಜೀವನಪೂರ್ತಿ ಅಲ್ಲೇ ಇರತ್ತೆ, ಮತ್ತೆ ಮೂಳೆಗಿಂತ ಐದಾರು ಪಟ್ಟು ಬಿಗಿ. ಬಿಗಿಯಾದ್ದು ಪಕ್ಕದಲ್ಲಿದ್ರೆ ಭಾರವೆಲ್ಲ ಅದೇ ಹೊತ್ಕೊಳ್ಳತ್ತೆ, ಕೆಲ್ಸ ಇಲ್ದೆ ಕೂತ ಮೂಳೆ ಸೊರಗತ್ತೆ. ಭಾರ ಬಿದ್ದ ಕಡೆ ಮೂಳೆ ಬೆಳೆಯತ್ತೆ, ಬೀಳದ ಕಡೆ ಕರಗತ್ತೆ, ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿಟ್ಟಿದ್ದು ಇದನ್ನೇ. ಇನ್ನೂ ಕೀವಿನ ಭಯ ಇರೋ ಕಾಲಿಗೆ ಅಷ್ಟು ದೊಡ್ಡ ಲೋಹ ಇಡಕ್ಕೆ ಯಾವ ಸರ್ಜನ್ನೂ ಹತ್ತು ಸಲ ಯೋಚಿಸ್ತಾರೆ.

ಈಗ ತೂತಿನ ವಿಷ್ಯ, ಇದು ಮುಖ್ಯ. ಮೈಸೂರ್ ಪಾಕ್ ಮುರಿದು ನೋಡಿದೀರಲ್ಲ, ಬಿಸಿ ತುಪ್ಪ ಸುರಿದಾಗ ಒಳಗೆಲ್ಲ ಗುಳುಗುಳು ಅಂತ ದಾರಿ ಮಾಡ್ಕೊಂಡು ತೂತು ಬಿದ್ದಿರತ್ತೆ, ಒಂದು ತೂತಿಂದ ಇನ್ನೊಂದಕ್ಕೆ ದಾರಿ ಇರತ್ತೆ. ಅಂಥ ತೂತು ಬೇಕು. ಬೇರೆ ಬೇರೆ ಮುಚ್ಕೊಂಡಿರೋ ಗುಳ್ಳೆ ಇದ್ರೆ ಕೆಲ್ಸಕ್ಕೆ ಬರಲ್ಲ. ಅಳತೆ ಕನಿಷ್ಠ 100 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್), ರಕ್ತನಾಳ ಚೆನ್ನಾಗಿ ಬೆಳೀಬೇಕಾದ್ರೆ 300 ಮೈಕ್ರಾನ್ ಮೇಲಿರಲಿ ಅಂತ ಒಂದು ಸಾಮಾನ್ಯ ಒಪ್ಪಂದ. ದಾರಿ ಇದೆಯಾ ಇಲ್ವಾ ನೋಡಕ್ಕೆ ದುಬಾರಿ ಮೆಷೀನ್ ಬೇಕಿಲ್ಲ, ತಟ್ಟೆಯಲ್ಲಿ ಕೆಂಪು ಇಂಕ್ ನಾಲ್ಕು ಹನಿ ಹಾಕಿ ಅದರ ಮೇಲೆ ಸ್ಕ್ಯಾಫೋಲ್ಡ್ ನಿಲ್ಸಿದ್ರೆ, ಒಳ್ಳೇದಾದ್ರೆ ಇಂಕ್ ಸರ್ರಂತ ತಲೆ ತನಕ ಏರತ್ತೆ, ಕೆಟ್ಟದ್ದಾದ್ರೆ ಬುಡದಲ್ಲೇ ನಿಲ್ಲತ್ತೆ. ನಾನು ಇವತ್ತಿಗೂ ಹೊಸ ಸ್ಟೂಡೆಂಟ್ ಏನಾದ್ರೂ ಮಾಡ್ಕೊಂಡು ಬಂದ್ರೆ ಮೊದ್ಲು ಇಂಕಲ್ಲಿ ನಿಲ್ಸು ಅಂತೀನಿ.

ನಾನು ಪಿಎಚ್‌ಡಿ ಮಾಡೋವಾಗ ಜೆಲಟಿನ್‌ಗೆ ಹೈಡ್ರಾಕ್ಸಿಅಪಟೈಟ್ ಬೆರೆಸಿ ಫ್ರೀಜ್ ಡ್ರೈ ಮಾಡ್ತಿದ್ದೆ. ನೀರನ್ನ ಮಂಜು ಮಾಡಿ, ವ್ಯಾಕ್ಯೂಮಲ್ಲಿ ಮಂಜನ್ನ ನೇರ ಆವಿ ಮಾಡಿ ಓಡ್ಸಿದ್ರೆ ಮಂಜಿದ್ದ ಜಾಗ ತೂತಾಗತ್ತೆ. ಎರಡು ಸಲ ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತು, ಬೆಳಿಗ್ಗೆ ಬಾಗಿಲು ತೆಗೆದ್ರೆ ಸ್ಪಂಜಿನ ಬದ್ಲು ಅಂಟಂಟು ಸಂಡಿಗೆ. ಅದು ಬಿಡಿ. ಮೂರನೇ ಸಲ ಬಂತು, ಇಂಕೂ ಏರಿತು, ಮೈಕ್ರೋಸ್ಕೋಪಲ್ಲಿ ಅಂದ ಅಂದ್ರೆ ಅಂದ. ಮೂಳೆ ಕೋಶ ಹಾಕಿ ಮೂರು ವಾರ ಸಾಕಿದೆ. ಆಮೇಲೆ ಬ್ಲೇಡಲ್ಲಿ ಮಧ್ಯಕ್ಕೆ ಸೀಳಿ ಬಣ್ಣ ಹಾಕಿದೆ, ಜೀವ ಇರೋ ಕೋಶ ಹಸಿರು ಹೊಳೆಯತ್ತೆ, ಸತ್ತಿದ್ದು ಕೆಂಪು. ಅಂಚಿನಲ್ಲಿ ಸುತ್ತ ಒಂದು ತೆಳು ಹಸಿರು ಉಂಗುರ. ಒಳಗೆಲ್ಲ ಬರೀ ಕೆಂಪು ಚುಕ್ಕಿ, ನಡುವಲ್ಲಂತೂ ಕತ್ತಲು. ಕತ್ತಲಲ್ಲಿ ಆ ಸ್ಕ್ರೀನ್ ಮುಂದೆ ಎಷ್ಟೊತ್ತು ಕೂತಿದ್ನೋ ಗೊತ್ತಿಲ್ಲ.

ಅವು ಸತ್ತಿದ್ದು ಉಸಿರಿಲ್ದೆ. ಆಮ್ಲಜನಕ ಒಂದು ರಕ್ತನಾಳದಿಂದ ಸೋರ್ಕೊಂಡು ಹೋಗೋದು 100ರಿಂದ 200 ಮೈಕ್ರಾನ್ ಅಷ್ಟೇ, ತಲೆಕೂದಲು ಒಂದೆರಡರ ದಪ್ಪ. ಅದರಾಚೆ ಕೂತ ಕೋಶಕ್ಕೆ ಊಟ ಇಲ್ಲ, ಉಸಿರಿಲ್ಲ. ನನ್ನ ಸ್ಪಂಜು 5 ಮಿಲಿಮೀಟರ್ ಇತ್ತು. ನಿಮ್ಮ ತಮ್ಮನಿಗೆ ಬೇಕಾದ್ದು 60 ಮಿಲಿಮೀಟರ್ ಉದ್ದ, ಹೆಬ್ಬೆರಳಿಗಿಂತ ದಪ್ಪ. ಇದೇ ಆ ಇನ್ನರ್ಧ ಕೆಲ್ಸ, ನಿಜ ಹೇಳ್ಬೇಕಂದ್ರೆ ಮುಕ್ಕಾಲು ಕೆಲ್ಸ. ಸಾಮಾನು ಯಾವುದು ಅನ್ನೋದು ಬಹುಮಟ್ಟಿಗೆ ಬಗೆಹರಿದಿರೋ ವಿಷ್ಯ, ರಕ್ತ ಒಳಗೆ ಹೋಗೋದು ಹೇಗೆ ಅನ್ನೋದು ಬಗೆಹರಿದಿಲ್ಲ. ಪ್ರತಿ ವರ್ಷ ಹೊಸ ಹೊಸ ಕಾಂಪೋಸಿಟ್ ಅಂತ ಪೇಪರ್ ಮೇಲೆ ಪೇಪರ್ ಬರತ್ತೆ, ನಾವೂ ಬರೀತೀವಿ, ನಂಗೇನು ನಾಚಿಕೆ ಇಲ್ಲ ಹೇಳಕ್ಕೆ, ಅದರಲ್ಲಿ ಬಹುಪಾಲು ಅಕ್ಕಿಗೆ ಉದ್ದು ಬೆರೆಸೋ ಹೊಸ ಲೆಕ್ಕ ಅಷ್ಟೇ.

ಇದು ಅರ್ಥ ಆದ್ರೆ ಜರ್ಮನಿಯ ಕೀಲ್ ಊರಲ್ಲಿ ಮಾಡಿದ್ದು ಎಂಥ ಜಾಣತನ ಅಂತ ಗೊತ್ತಾಗತ್ತೆ. 2004ರಲ್ಲಿ ವಾರ್ನ್‌ಕೆ ಅನ್ನೋ ಸರ್ಜನ್ ತಂಡ, ಕ್ಯಾನ್ಸರಿಂದ ಕೆಳದವಡೆಯ ದೊಡ್ಡ ಭಾಗ ಕಳ್ಕೊಂಡಿದ್ದ ಒಬ್ಬರಿಗೆ, ಟೈಟಾನಿಯಂ ಜಾಲರಿ ದವಡೆ ಆಕಾರಕ್ಕೆ ಮಾಡಿ, ಒಳಗೆ ಮೂಳೆ ಖನಿಜದ ತುಂಡು, ಮೂಳೆ ಬೆಳೆಸೋ ಬಿಎಂಪಿ-7 ಅನ್ನೋ ಪ್ರೋಟೀನು, ಅವರದ್ದೇ ಮೂಳೆಮಜ್ಜೆ ತುಂಬಿ, ದವಡೆಗೆ ಹಾಕ್ಲಿಲ್ಲ, ಬೆನ್ನಿನ ಮಾಂಸಖಂಡದೊಳಗೆ ಏಳು ವಾರ ಇಟ್ರು! ಅಲ್ಲಿ ರಕ್ತ ಧಾರಾಳ. ರಕ್ತನಾಳ ಬೆಳೆದು ಮೂಳೆ ಕಟ್ಟಿದ್ಮೇಲೆ ನಾಳದ ಸಮೇತ ತೆಗೆದು ದವಡೆಗೆ ಕೂರಿಸಿದ್ರು. ನಾವು ಪೈರು ಮಡೀಲಿ ಬೆಳೆಸಿ ಕಿತ್ತು ಗದ್ದೇಲಿ ನೆಡ್ತೀವಲ್ಲ, ಹಾಗೆ. ನೀವು ನೋಡಿದ ವಿಡಿಯೋ 2017ರ ಆಸ್ಟ್ರೇಲಿಯಾ ಬ್ರಿಸ್ಬೇನ್‌ದು ಇರ್ಬಹುದು, ಸೋಂಕಿಂದ ಟಿಬಿಯಾ ಕಳ್ಕೊಂಡ ಯುವಕನಿಗೆ ಪ್ರಿಂಟ್ ಮಾಡಿದ ಸ್ಕ್ಯಾಫೋಲ್ಡ್ ಹಾಕಿದ್ರು. ವಿಡಿಯೋದವರು ಪ್ರಿಂಟರ್ ತೋರ್ಸ್ತಾರೆ, ಅದರ ಸುತ್ತ ಅವನದ್ದೇ ರಕ್ತನಾಳ ಇರೋ ಅಂಗಾಂಶ ತಂದು ಸುತ್ತಿದ್ದನ್ನ ಅಷ್ಟಾಗಿ ತೋರ್ಸಲ್ಲ. ಕೆಲ್ಸ ಮಾಡೋದು ಅದು.

ಈಗ ಬನ್ನಿ ನಿಮ್ಮ ಸಿಮೆಂಟಿಗೆ. ಇದು ಫ್ರಾನ್ಸಿನ ಅಲೈನ್ ಮಾಸ್ಕೆಲೆ ಅನ್ನೋ ಸರ್ಜನ್ 1980ರ ದಶಕದಲ್ಲಿ ಕಂಡ್ಕೊಂಡ ವಿಧಾನ, 2000ದಲ್ಲಿ 35 ಜನರ ಫಲಿತಾಂಶ ಬರೆದ್ಮೇಲೆ ಎಲ್ಲಾ ಕಡೆ ಹಬ್ಬಿತು. ಆ ಸಿಮೆಂಟ್ ಮನೆ ಕಟ್ಟೋದಲ್ಲ, ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ ಜಾತಿ, ಜತೆಗೆ ಆಂಟಿಬಯೋಟಿಕ್ ಬೆರೆಸಿರ್ತಾರೆ, ಅದು ನಿಧಾನಕ್ಕೆ ಬಿಡುಗಡೆ ಆಗ್ತಾ ಕೀವಿನ ಬೇರು ಕೊಲ್ಲತ್ತೆ, ಜಾಗಕ್ಕೆ ಮಾಂಸ ನುಗ್ಗದ ಹಾಗೆ ಕಾಯತ್ತೆ. ಆದ್ರೆ ಅಸಲಿ ಕೆಲ್ಸ ಬೇರೆ. ಆಗ ಹೇಳಿದ್ನಲ್ಲ, ಏನು ಹಾಕಿದ್ರೂ ದೇಹ ಅದರ ಸುತ್ತ ಪೊರೆ ಕಟ್ಟತ್ತೆ, ಹೆಂಚ್‌ಗೆ ಅದು ಶತ್ರು. ಮಾಸ್ಕೆಲೆಗೆ ಅದೇ ಬಂಡವಾಳ. ಆರರಿಂದ ಎಂಟು ವಾರದಲ್ಲಿ ಸಿಮೆಂಟ್ ಸುತ್ತ ಒಂದೆರಡು ಮಿಲಿಮೀಟರ್ ದಪ್ಪದ ಪೊರೆ ಬರತ್ತೆ, ಅದರ ತುಂಬ ಸಣ್ಣ ಸಣ್ಣ ರಕ್ತನಾಳ, ಜತೆಗೆ ರಕ್ತನಾಳ ಬೆಳೆಸೋ, ಮೂಳೆ ಕಟ್ಸೋ ಪ್ರೋಟೀನುಗಳನ್ನ ಅದು ತಾನೇ ಸುರಿಸತ್ತೆ. ಆಗ ಹಲಸಿನ ತೊಳೆ ಸೀಳಿ ಬೀಜ ತೆಗೆದ ಹಾಗೆ ಪೊರೆ ಸೀಳಿ ಸಿಮೆಂಟ್ ತೆಗೀತಾರೆ. ತೊಳೆ ಉಳಿಯತ್ತೆ. ಅದರೊಳಗೆ ಸೊಂಟದ ಮೂಳೆ ಚೂರು ತುಂಬಿ ಹೊಲೀತಾರೆ. ಅದಕ್ಕೇ ಹಾಕಿದ್ದು, ಅದಕ್ಕೇ ತೆಗೆಯೋದು. ನಾವು ಲ್ಯಾಬಲ್ಲಿ ಕೋಟಿ ಖರ್ಚು ಮಾಡಿ ಹುಡುಕ್ತಿರೋ ರಕ್ತದ ದಾರಿ ಅಲ್ಲಿ ಬಿಟ್ಟಿಯಾಗಿ ಬೆಳೆದಿರತ್ತೆ, ಮತ್ತೆ ಸೊಂಟದ ಮೂಳೆಯಲ್ಲಿ ಜೀವಂತ ಕೋಶ, ಪ್ರೋಟೀನ್, ಸ್ಕ್ಯಾಫೋಲ್ಡ್ ಮೂರೂ ಒಟ್ಟಿಗೆ. ಅದಕ್ಕೆ ಸರಿಸಮ ಆದ ಪುಡಿ ಇನ್ನೂ ಬಂದಿಲ್ಲ. ಸೊಂಟದಲ್ಲಿ ಕೆಲವರಿಗೆ ತಿಂಗಳುಗಟ್ಲೆ ನೋವು ಉಳಿಯತ್ತೆ ಅನ್ನೋದು ನಿಜ, ಮುಚ್ಚಿಡಲ್ಲ.

ಇನ್ನೊಂದು ದಾರಿ ರಷ್ಯಾದ ಇಲಿಝರೋವ್ ರಿಂಗ್, ಮೂಳೆಯನ್ನ ಇನ್ನೊಂದು ಕಡೆ ಕತ್ತರಿಸಿ ದಿನಕ್ಕೆ ಒಂದು ಮಿಲಿಮೀಟರ್, ಅದನ್ನೂ ನಾಲ್ಕು ಕಂತಲ್ಲಿ ಎಳೀತಾ ಹೋಗೋದು. ಆರು ಸೆಂಟಿಮೀಟರಿಗೆ ಎಳೆಯೋದೇ ಎರಡು ತಿಂಗಳು, ಗಟ್ಟಿ ಆಗೋ ತನಕ ರಿಂಗಲ್ಲೇ ಇನ್ನೂ ಎಷ್ಟೋ ತಿಂಗಳು. ನಂಬಿಕಸ್ತ ವಿಧಾನ, ತಾಳ್ಮೆ ಬೇಕು. ಯಾವುದು ಅಂತ ನಿಮ್ಮ ಡಾಕ್ಟ್ರೇ ಹೇಳ್ಬೇಕು.

ಈಗ ಸ್ಕ್ಯಾಫೋಲ್ಡ್ ನಿಮ್ಮ ತಮ್ಮನಿಗೆ ಬರೋದೇ ಇಲ್ವಾ? ಬರ್ಬಹುದು, ಬೆರಕೆಯಾಗಿ. ಲೆಕ್ಕ ಹಾಕಿ, ಟಿಬಿಯಾ ಸುಮಾರು ಮೂರು ಸೆಂಟಿಮೀಟರ್ ಅಡ್ಡಗಲ ಅಂದ್ಕೊಂಡ್ರೆ ಆರು ಸೆಂಟಿಮೀಟರ್ ಉದ್ದಕ್ಕೆ 40 ಸಿಸಿ ಆಸುಪಾಸು ಮೂಳೆ ಬೇಕು. ಸೊಂಟದ ಮುಂಭಾಗ ಒಂದೇ ಕಡೆಯಿಂದ ಅಷ್ಟು ಸಿಗೋದು ಕಷ್ಟ. ಆಗ ಎರಡೂ ಕಡೆ ತೆಗೀತಾರೆ, ಇಲ್ಲಾ ಟಿಸಿಪಿ ಥರದ ಹರಳು ಸ್ವಲ್ಪ ಬೆರೆಸಿ ಗಾತ್ರ ಹಿಗ್ಗಿಸ್ತಾರೆ. ಅದೇ ನಮ್ಮ ಸಾಮಾನು, ಪ್ರಿಂಟರ್ ಇಲ್ದೆ ಡಬ್ಬೀಲಿ ಬರತ್ತೆ ಅಷ್ಟೇ. ಹಲ್ಲಿನ ಡಾಕ್ಟ್ರು ಇಂಪ್ಲಾಂಟ್ ಹಾಕೋ ಮುಂಚೆ ದವಡೆಗೆ ತುಂಬೋ ಹರಳೂ ಇದೇ ಜಾತಿ. ಒಂದು ಮಾತು, ಆ ಹರಳು ಕೆಲವು ಹಸುವಿನ ಮೂಳೆಯಿಂದ ಮಾಡಿರ್ತಾರೆ, ಡಬ್ಬಿ ಮೇಲೆ ಬೋವೈನ್ ಅಂತ ಇರತ್ತೆ. ಪ್ರೋಟೀನ್ ಎಲ್ಲಾ ತೆಗೆದಿರ್ತಾರೆ, ವೈದ್ಯಕೀಯವಾಗಿ ತೊಂದ್ರೆ ಇಲ್ಲ, ಆದ್ರೆ ಮನೇಲಿ ಬೇಡ ಅನ್ನೋರಿದ್ರೆ ಮೊದ್ಲೇ ಕೇಳ್ಬಿಡಿ, ಸಿಂಥೆಟಿಕ್ ಸಿಗತ್ತೆ.

ಸ್ಟೆಮ್ ಸೆಲ್, ಅಂದ್ರೆ ಬೇರೆ ಬೇರೆ ಥರದ ಕೋಶ ಆಗಬಲ್ಲ ಮೂಲ ಕೋಶ, ಹಾಕಿ ಕೂಡಿಸ್ತೀವಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಎದ್ದು ಬನ್ನಿ. ಇಟಲಿ ತಂಡವೊಂದು 2001ರಲ್ಲೇ ಮೂರು ಜನರಿಗೆ ಅವರದ್ದೇ ಮಜ್ಜೆಯ ಕೋಶ ಬೆಳೆಸಿ ಹೈಡ್ರಾಕ್ಸಿಅಪಟೈಟ್ ಮೇಲೆ ಹಾಕಿ ದೊಡ್ಡ ಅಂತರ ಕೂಡಿಸಿದ್ದು ನಿಜ, ಆರೇಳು ವರ್ಷ ಆದ್ಮೇಲೂ ಚೆನ್ನಾಗೇ ಇತ್ತು, ಆದ್ರೆ ಸೆಂಟ್ರಿಂಗ್ ಮಾತ್ರ ಕರಗದೇ ಅಲ್ಲೇ ಇತ್ತು. ಬೆರಳೆಣಿಕೆ ಜನ. ನಮ್ಮಲ್ಲಿ ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆ ಬಿಟ್ಟು ಬೇರೆದಕ್ಕೆ ಸ್ಟೆಮ್ ಸೆಲ್ ಕೊಡೋದು ಒಪ್ಪಿಗೆ ಇರೋ ಟ್ರಯಲ್‌ನಲ್ಲಿ ಮಾತ್ರ, ಟ್ರಯಲ್ ಅಂದ್ಮೇಲೆ ಆ ಚಿಕಿತ್ಸೆಗೆ ನಿಮ್ಮ ಹತ್ರ ದುಡ್ಡು ಇಸ್ಕೊಳ್ಳೋ ಹಾಗಿಲ್ಲ, ಸಿಟಿಆರ್‌ಐ ಅನ್ನೋ ಟ್ರಯಲ್‌ಗಳ ಸರ್ಕಾರಿ ಪಟ್ಟಿಯಲ್ಲಿ ರಿಜಿಸ್ಟರ್ ಆಗಿರ್ಬೇಕು. ಮೂಳೆ ಬೆಳೆಸೋ ಬಿಎಂಪಿ-2 ಅನ್ನೋ ಪ್ರೋಟೀನ್ ಬಗ್ಗೆನೂ ಯಾರಾದ್ರೂ ನಿಮಗೆ ಹೇಳ್ಬಹುದು. 1965ರಲ್ಲಿ ಮಾರ್ಷಲ್ ಉರಿಸ್ಟ್ ಖನಿಜ ತೆಗೆದ ಮೂಳೆಯನ್ನ ಮಾಂಸದೊಳಗೆ ಇಟ್ರೆ ಅಲ್ಲೂ ಮೂಳೆ ಹುಟ್ಟತ್ತೆ ಅಂತ ತೋರ್ಸಿದ್ರಿಂದ ಶುರುವಾಗಿ, 2002ರಲ್ಲಿ ಅಮೆರಿಕದಲ್ಲಿ ಕೊಲಾಜೆನ್ ಸ್ಪಂಜಿನ ಜತೆ ಬೆನ್ನುಮೂಳೆಗೆ ಒಪ್ಪಿಗೆ ಸಿಕ್ತು. ದೇಹದಲ್ಲಿ ನ್ಯಾನೋಗ್ರಾಂ ಲೆಕ್ಕದಲ್ಲಿರೋದನ್ನ ಮಿಲಿಗ್ರಾಂಗಟ್ಲೆ ಸುರಿದ್ರು, ಸ್ಪಂಜು ಅದನ್ನ ಹಿಡಿದಿಟ್ಕೊಳ್ಳಲ್ಲ, ಕತ್ತಿನಲ್ಲಿ ಹಾಕಿದ ಕೆಲವರಿಗೆ ಉಸಿರು ಕಟ್ಟೋಷ್ಟು ಊತ ಬಂದು 2008ರಲ್ಲಿ ಎಚ್ಚರಿಕೆ ಕೊಡ್ಬೇಕಾಯ್ತು.

ಪೇಪರಲ್ಲಿ ಭಾರತೀಯ ವಿಜ್ಞಾನಿಗಳಿಂದ ಕೃತಕ ಮೂಳೆ ಅಂತ ಬಂದ್ರೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಯಾರಿಗೆ ಹಾಕಿದ್ರು? ಬೆಂಗಳೂರಿನ ಐಐಎಸ್‌ಸಿಯಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ ಒಳ್ಳೊಳ್ಳೆ ಕೆಲ್ಸ ನಡೀತಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಜಗತ್ತಿನಾದ್ಯಂತ ಇಂಥ ಸುದ್ದಿಯ ಹಿಂದೆ ಬಹಳ ಸಲ ಇರೋದು ಇಲಿ ತಲೆಬುರುಡೆಯಲ್ಲಿ ಕೊರೆದ 8 ಮಿಲಿಮೀಟರ್ ತೂತು, ಶರ್ಟ್ ಗುಂಡಿಗಿಂತ ಚಿಕ್ಕದು. ತಲೆಬುರುಡೆ ಮೇಲೆ ಯಾರೂ ನಡೆಯಲ್ಲ.

ಡಾಕ್ಟ್ರ ಹತ್ರ ಹೋದಾಗ ಇಷ್ಟು ಕೇಳಿ: ಸಿಮೆಂಟ್ ತೆಗೆಯೋ ಮುಂಚೆ ಕೀವು ಪೂರ್ತಿ ಹೋಗಿದೆ ಅಂತ ಹೇಗೆ ಖಾತ್ರಿ ಮಾಡ್ಕೊಳ್ತೀರ, ಒಂದು ಕಡೆ ಸೊಂಟ ಸಾಕಾಗತ್ತಾ, ಹರಳು ಬೆರೆಸ್ತೀರ ಅಂದ್ರೆ ಯಾವುದು. ಮತ್ತೆ ತಮ್ಮ ಸಿಗರೇಟ್ ಸೇದ್ತಾನಾ? ನೀವು ಬರೆದಿಲ್ಲ, ಅಕ್ಕನಿಗೆ ಗೊತ್ತಿರಲ್ಲ ಬಿಡಿ. ಸೇದೋನಾದ್ರೆ ಇವತ್ತೇ ಬಿಡಕ್ಕೆ ಹೇಳಿ, ನಿಕೋಟಿನ್ ಸಣ್ಣ ರಕ್ತನಾಳ ಬಿಗಿ ಮಾಡತ್ತೆ, ಇಷ್ಟುದ್ದ ನಾನು ಬರೆದಿದ್ದೆಲ್ಲ ಆ ಸಣ್ಣ ರಕ್ತನಾಳದ ಬಗ್ಗೆನೇ.

ಅಮ್ಮನಿಗೆ ಹೇಳಿ, ಪುತ್ತೂರು ಕಟ್ಟು ಈ ಕಾಲಿಗೆ ಖಂಡಿತ ಬೇಡ. ಚರ್ಮ ಹರಿದು ಕೀವಾಗಿದ್ದ ಕಾಲು, ಮಧ್ಯೆ ಮೂಳೆನೇ ಇಲ್ಲ, ಬಿಗಿಯಾಗಿ ಕಟ್ಟಿದ್ರೆ ಇರೋ ರಕ್ತಾನೂ ನಿಂತು ಕಾಲೇ ಹೋಗ್ಬಹುದು. ಕಾಲ್ ಸೂಪ್ ಕೊಡ್ಲಿ, ಅಡ್ಡಿ ಇಲ್ಲ, ಅದರ ಕೊಲಾಜೆನ್ ನೇರ ಹೋಗಿ ಮೂಳೆಗೆ ಅಂಟಲ್ಲ, ಹೊಟ್ಟೇಲಿ ಜೀರ್ಣ ಆಗೇ ಹೋಗೋದು, ಆದ್ರೂ ನಾಲ್ಕು ತಿಂಗಳಿಂದ ಮಲಗಿರೋ ಹುಡುಗನಿಗೆ ರುಚಿಯಾಗಿ ಏನಾದ್ರೂ ಒಳಗೆ ಹೋಗ್ಲಿ. ಕ್ಯಾಲ್ಸಿಯಂ ಬೇಕಂದ್ರೆ ಸೂಪಿಗಿಂತ ಪಕ್ಕದಲ್ಲಿರೋ ಮುದ್ದೇಲೇ ಜಾಸ್ತಿ ಇದೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಜತೆಗೆ ಮೊಟ್ಟೆ, ಕಾಳು, ಹಾಲು.